ಗೌರಿಯ ಮೂಗಿನ ಗುರುತು

ಸಂಶಯದ ಮನುಷ್ಯನಿಗೆ ರಜೆಯೆಂಬುದಿಲ್ಲ. ಸಿದ್ದಾಪುರದ ಕಚೇರಿಗೆ ವರ್ಗವಾಗಿ ಬಂದ ಹೊಸತರಲ್ಲಿ ಹಾಲಿನವನ ಮೇಲೆ ಸಂಶಯ ಬಂದೇ ನಾನು ಗೌರಿಯೆಂಬ ಆಕಳನ್ನು ಕೊಂಡದ್ದು. ಕೊಂಡ ಮೇಲೆ, ಹೆಂಡತಿ ಹಿಂಡಿ ತಂದ ಹಾಲಿಗೂ ಎರಡು ಸಲ ಬೆರಳದ್ದಿ ನೋಡಿದ್ದುಂಟು. ಮೂರನೆಯ ಸಲ ನೋಡಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು.

ಹೀಗಿರುವಾಗ ಒಂದು ಸಂಜೆ, ಮೇಯಲು ಹೋದ ಗೌರಿ ಮನೆಗೆ ಬರಲಿಲ್ಲ. ವಾರವಿಡೀ ಹುಡುಕಿದೆವು. ಕಚೇರಿಯ ಕೆಲಸದ ಮೇಲೆ ನಿಲ್ಕುಂದಕ್ಕೆ ಹೋದಾಗ ಸ್ನೇಹಿತ ಗಣಪಯ್ಯನವರ ಕೊಟ್ಟಿಗೆಯಲ್ಲಿ ಅವಳನ್ನು ಕಂಡೆ: ಅದೇ ಕಪ್ಪು ಮೈ, ಹಣೆಯಲ್ಲಿ ಅದೇ ಬಿಳಿ ಚುಕ್ಕಿ. ಸಿದ್ದಾಪುರಕ್ಕೆ ಬಂದಾಗಲೆಲ್ಲ ನಮ್ಮ ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕಿ ಹೋಗುತ್ತಿದ್ದ ಗಣಪಯ್ಯ, ಕವಳದ ನೆಪದಲ್ಲಿ ನೋಡುತ್ತಿದ್ದದ್ದು ಗೌರಿಯನ್ನೇ ಎಂದು ನನಗೆ ಆ ಕ್ಷಣವೇ ಖಾತ್ರಿಯಾಯಿತು. ಇದು ನಮ್ಮ ಗೌರಿಯಲ್ಲವೇ ಎಂದು ಕೇಳಿಯೇಬಿಟ್ಟೆ.

"ಇದು ನಮ್ಮನೆಯಲ್ಲೇ ಹುಟ್ಟಿದ ದನ ಮಾರಾಯ್ರೆ. ನಾನು ಕದ್ದಿದ್ದು ಅಂತ ಹೇಳಿ ನಿಮ್ಮ ಲೆಕ್ಕವಾ?" ಎಂದರು ಅವರು.

ಹೌದೆನ್ನಲು ಬಾಯಿ ಬರಲಿಲ್ಲ. ಅಲ್ಲವೆನ್ನಲು ಮನಸ್ಸು ಬರಲಿಲ್ಲ. ನೇರವಾಗಿ ದನದ ಡಾಕ್ಟರ ಬಳಿ ಹೋದೆ. ಹಿಂದಿನ ದನಗಳ ಪ್ರದರ್ಶನದಲ್ಲಿ ಅವರು ಗೌರಿಯ ಮೂಗಿಗೆ ಮಸಿ ಬಳಿದು ಕಾಗದದ ಮೇಲೆ ಗುರುತು ತೆಗೆದುಕೊಂಡಿದ್ದರು.

"ಮನಷ್ಯಾಗ ಹೆಬ್ಬೆಟ್ಟು ಇದ್ದಂಗ ದನಕ್ಕ ಮೂಗು ನೋಡ್ರಿ. ಒಂದರದ್ದು ಇನ್ನೊಂದಕ್ಕ ಕೂಡೂದಿಲ್ಲ" ಎಂದು ಡಾಕ್ಟರು ಹುರುಪಿನಿಂದಲೇ ಹೊರಟರು.

ಗಣಪಯ್ಯ ತಾವೇ ಆಕಳ ತಲೆ ಹಿಡಿದುಕೊಂಡರು. ಮೊದಲ ಸಲ ಬಳಿದ ಮಸಿಯನ್ನು ಅದು ನೆಕ್ಕಿಬಿಟ್ಟಿತು. ಎರಡನೆಯ ಸಲ ಸೀನಿದ್ದು ನನ್ನ ಅಂಗಿಯ ಮೇಲೆ. ಮೂರನೆಯದು ಕಾಗದಕ್ಕೆ ಬಂತು. ಡಾಕ್ಟರು ಎರಡೂ ಕಾಗದಗಳನ್ನು ಭೂತಗನ್ನಡಿಯಲ್ಲಿ ನೋಡಿ, "ಇದು ನಿಮ್ಮ ಆಕಳ ಅಲ್ರಿ" ಎಂದರು. ಕನ್ನಡಿಯ ಮೇಲೂ ನನಗೆ ಸಂಶಯ ಬಂತು. ಇಸಿದುಕೊಂಡು ನಾನೇ ನೋಡಿದೆ. ಗೆರೆಗಳು ಬೇರೆಯೇ ಇದ್ದವು. ಗಣಪಯ್ಯ ಆಕಳ ಮೂಗು ಒರೆಸಿ ಒಳಗೆ ಹೋದರು. ಅಂದಿನಿಂದ ನಮ್ಮ ಜಗಲಿಗೆ ಬರುವುದನ್ನು ಬಿಟ್ಟರು.

ಹದಿನೈದು ದಿನಗಳ ಮೇಲೆ ಒಂದು ಬೆಳಿಗ್ಗೆ, ಮೈಯೆಲ್ಲ ಕೆಸರು ಮೆತ್ತಿಕೊಂಡ ಬಡಕಲು ದನವೊಂದು ನಮ್ಮ ಹಿತ್ತಲಲ್ಲಿ ಅವರೆ ಬಳ್ಳಿ ಮೇಯುತ್ತಿತ್ತು. ಇದು ಗಣಪಯ್ಯ ಬೇಕೆಂದೇ ಬಿಟ್ಟ ದನ ಎಂದುಕೊಂಡವನೇ, ಹೊಡೆದುಕೊಂಡು ಹೋಗಿ ಬೀಡಾಡಿ ದನಗಳ ಕೊಂಡವಾಡದಲ್ಲಿ ಕೂಡಿ ಬಂದೆ.

ಬಾಗಿಲಲ್ಲಿ ಹೆಂಡತಿ ಹುಲ್ಲು ಹಿಡಿದು ನಿಂತಿದ್ದಳು. "ಗೌರಿ ಒದರಿದ್ದು ಕೇಳಿ ಓಡಿಬಂದೆ. ಎಲ್ಲಿ ಹೊಡಕೊಂಡು ಹೋದ್ರಿ ಅಕೀನ್ನ?"

ಓಡಿದೆ. ಕೊಂಡವಾಡದ ಕಾವಲುಗಾರ ರಿಜಿಸ್ಟರು ತೆರೆದು ತೋರಿಸಿದ. 'ಯಾರ ದನವೋ ತಿಳಿಯದು' ಎಂದು ಬರೆದು, ಕೆಳಗೆ ನಾನೇ ಸಹಿ ಹಾಕಿದ್ದೆ. "ಬೆಳಿಗ್ಗೆ ಗೊತ್ತಿಲ್ಲ ಅಂದ್ರಿ, ಈಗ ನಮ್ದೇ ಅಂತೀರಿ. ನಾನೆಂತ ನಂಬೂದು?" ಎಂದ. ಮೂಗಿನ ಕಾಗದ ತೋರಿಸೋಣವೆಂದರೆ ಡಾಕ್ಟರು ಯಲ್ಲಾಪುರಕ್ಕೆ ಹೋಗಿದ್ದರು. ಅಷ್ಟರಲ್ಲಿ ಪೇಟೆಯ ಕಡೆಯಿಂದ ಗಣಪಯ್ಯ ಬರುವುದು ಕಂಡಿತು. ನಾಚಿಕೆ ಬಿಟ್ಟು ಕೂಗಿ ಕರೆದೆ. ನನ್ನ ಮಾತು ನಂಬಬಹುದೇ ಎಂದು ಕಾವಲುಗಾರ ಅವರನ್ನೇ ಕೇಳಿದ.

ಗಣಪಯ್ಯ ಬೇಲಿಯೊಳಗೆ ಇಣುಕಿದರು. ಆಮೇಲೆ ರಿಜಿಸ್ಟರಿನ ಮೇಲೆ ಬಗ್ಗಿ ನಿಧಾನವಾಗಿ ಓದಿದರು.

"ದನ ಇವರದ್ದೋ ಅಲ್ಲವೋ, ನಾ ಹೇಳಲಾರೆ. ಸಹಿ ಮಾತ್ರ ಇವರದ್ದೇ" ಎಂದರು.