ಕೆಲಸದಿಂದ ತೆಗೆಯುವ ಪಾಠ

ನೀರಣ್ಣ: ಹತ್ತಕ್ಕೆ ನಾಲ್ಕು, ಅಷ್ಟೇ. ನನ್ನನ್ನ ಕೆಲಸದಿಂದ ತೆಗೀತಿದ್ದೀಯಾ, ಇಲ್ಲಾ ನೆಲದ ಮೇಲೆ ಬಿದ್ದ ಕಾಸು ಹುಡುಕ್ತಿದ್ದೀಯಾ? ತಲೆ ಎತ್ತು. ಮುಖ ನೋಡಿ ಹೇಳು.

ಲಸಿಕಕ್ಕ: ಮುಖ ನೋಡಿ ಹೇಳೋಕಾಗಲ್ಲ ಕಣೋ.

ನೀರಣ್ಣ: ಅಷ್ಟೂ ಆಗದವಳು ನಾಯಕಿ ಹೇಗಾಗ್ತೀಯ?

ಲಸಿಕಕ್ಕ: ಯಾರಿಗೆ ಬೇಕಾಗಿದೆ ನಾಯಕಿ ಪಟ್ಟ! ಬಾಯಿ ಮುಚ್ಕೊಂಡು ಕೇಳಿಸ್ಕೊ ಒಂದ್ಸಲ.

ಹೋಟೆಲಿನ ಸಣ್ಣ ಕೋಣೆ. ಎದುರುಬದುರು ಎರಡು ಕುರ್ಚಿ. ಗೋಡೆಯ ತುಂಬ ಬಣ್ಣದ ಚೀಟಿಗಳು, ಒಂದೊಂದರಲ್ಲೂ ಒಂದೊಂದು ದೊಡ್ಡ ಮಾತು: ದೂರದೃಷ್ಟಿ, ಅನುಕಂಪ, ಧೈರ್ಯ. ಅವುಗಳಲ್ಲಿ ಧೈರ್ಯದ ಅಂಟು ಬಿಟ್ಟು ಚೀಟಿ ನೆಲಕ್ಕೆ ಬಿದ್ದಿದೆ. ಬೆಳಗಿನಿಂದ ಯಾರೂ ಎತ್ತಿಲ್ಲ. ಹತ್ತಾರು ದೇಶಗಳಲ್ಲಿ ಸೇವೆ ಮಾಡುವ ದೊಡ್ಡ ಸಂಸ್ಥೆಯೊಂದು ತನ್ನ ನಡುವಯಸ್ಸಿನ ನೌಕರರನ್ನು ನಾಯಕರನ್ನಾಗಿ ಮಾಡಲು ಇಲ್ಲಿ ಕೂಡಿಹಾಕಿದೆ. ನಡುವಯಸ್ಸಿನವರೇ ಯಾಕೆಂದರೆ, ಎಳೆಯರು ಎದುರು ಮಾತಾಡುತ್ತಾರೆ, ಹಿರಿಯರು ಆಗಲೇ ನಾಯಕರಾಗಿ ಕುರ್ಚಿ ಬಿಡದೆ ಕೂತಿದ್ದಾರೆ.

ನೀರಣ್ಣ ನಿರಾಶ್ರಿತರ ಶಿಬಿರಗಳಿಗೆ ನೀರು ಕೊಡಿಸುವವನು. ಲಸಿಕಕ್ಕ ಅದೇ ಶಿಬಿರಗಳ ಮಕ್ಕಳಿಗೆ ಲಸಿಕೆ ಹಾಕಿಸುವವಳು. ತರಬೇತಿಗಳ ಹೊಣೆಯನ್ನೂ ಅವಳ ಕೊರಳಿಗೇ ಕಟ್ಟಿದ್ದಾರೆ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಸಂಸ್ಥೆಯಲ್ಲಿ ಅವರ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಇಂದಿನ ಪಾಠ ‘ಕಠಿಣ ಮಾತುಕತೆ’. ಒಬ್ಬರು ಇನ್ನೊಬ್ಬರನ್ನು ಕೆಲಸದಿಂದ ತೆಗೆದಂತೆ ನಟಿಸಬೇಕು. ಕೆಲಸ ಕಳೆದುಕೊಂಡವರು ಜಗಳ ತೆಗೆಯದೆ ‘ಹಂಚಿಕೊಂಡಿದ್ದಕ್ಕೆ ಧನ್ಯವಾದ’ ಎನ್ನಬೇಕು, ಆಮೇಲೆ ಬೆರಳೆತ್ತಿ ಅಂಕ ಕೊಡಬೇಕು. ಇದನ್ನು ಕಲಿಸಲು ಒಬ್ಬ ತರಬೇತುದಾರ ವಿಮಾನದಲ್ಲಿ ಬಂದಿದ್ದಾನೆ.

ಲಸಿಕಕ್ಕ: ನೀರಣ್ಣ, ಈ ತಿಂಗಳು ಕಳೆದ್ರೆ ನಿನ್ನ ಹುದ್ದೆ ಇರಲ್ಲ.

ನೀರಣ್ಣ: ಹಂಚಿಕೊಂಡಿದ್ದಕ್ಕೆ ಧನ್ಯವಾದ. (ಐದು ಬೆರಳು ಎತ್ತಿ) ದನಿ ನಡುಗಿಸಿದ್ದು ಚೆನ್ನಾಗಿತ್ತು. ಆದ್ರೆ ಕಾರಣ ಹೇಳ್ಲಿಲ್ಲ.

ಲಸಿಕಕ್ಕ: ಕಾರಣ ನಂಗೂ ಹೇಳಿಲ್ಲ.

ನೀರಣ್ಣ: ಅಬ್ಬಬ್ಬಾ! ಥೇಟ್ ಮೇಲಿನವರ ಹಾಗೇ ಅಂದೆ. ತಗೋ, ಆರು.

ಲಸಿಕಕ್ಕ: ನಿನ್ನ ಅಂಕ ಹಾಳಾಗ್ಹೋಗ್ಲಿ! ನಾನು ನಿಜ ಹೇಳ್ತಿದ್ದೀನಿ.

ನೀರಣ್ಣ: ಆ ಮಾತು ಬಿಟ್ಬಿಡು. ನಮ್ಮ ಸಂಸ್ಥೆಯಲ್ಲಿ ಯಾರು ನಿಜ ಹೇಳ್ತೀನಿ ಅಂದ್ರೂ ನಂಬೋರಿಲ್ಲ. ಅರ್ಧ ಅಂಕ ಕಟ್.

ಅವನು ಆರನೆಯ ಬೆರಳನ್ನು ಅರ್ಧ ಮಡಚಿದ. ಲಸಿಕಕ್ಕ ಆ ಬೆರಳನ್ನು ಹಿಡಿದು ಕೆಳಕ್ಕೆಳೆದಳು.

ಲಸಿಕಕ್ಕ: ದೊಡ್ಡ ಮೇಡಂ ಹೋದ ವಾರ ನನ್ನ ಕರೆದಿದ್ರು. ನಿನ್ನ ತೆಗೀತಾರಂತೆ. ನಿನ್ನ ವಿಭಾಗಾನೂ ನಾನೇ ನೋಡ್ಕೋಬೇಕಂತೆ. ಅದನ್ನ ನಿನಗೆ ನಾನೇ ಹೇಳ್ಬೇಕಂತೆ. ಬಾಯಿ ಬರದೆ ಒದ್ದಾಡ್ತಿದ್ದೆ. ಇವತ್ತು ಈ ಪಾಠ ಅಂತ ಗೊತ್ತಾಗಿ, ನಮ್ಮಿಬ್ಬರನ್ನೇ ಜೋಡಿ ಮಾಡಿ ಅಂತ ಆ ತರಬೇತುದಾರನ ಕಾಲು ಹಿಡಿದೆ.

ನೀರಣ್ಣ: ನೀನು ಹಿಡಿದ್ಯಾ? ಕಾಲು ಹಿಡಿದಿದ್ದು ನಾನು!

ಲಸಿಕಕ್ಕ: ನೀನ್ಯಾಕೆ ಹಿಡಿದೆ?

ನೀರಣ್ಣ ಕಿಟಕಿ ನೋಡಿದ, ನೀರಿನ ಬಾಟಲಿ ನೋಡಿದ, ಕೊನೆಗೆ ನೆಲ ನೋಡಿದ.

ಲಸಿಕಕ್ಕ: ತಲೆ ಎತ್ತು. ಮುಖ ನೋಡಿ ಹೇಳು.

ನೀರಣ್ಣ: ನನ್ನನ್ನೂ ಕರೆದಿದ್ರು. ನಿನ್ನ ತೆಗೀತಾರಂತೆ. ನಿನ್ನ ವಿಭಾಗಾನೂ ನಾನೇ ನೋಡ್ಕೋಬೇಕಂತೆ.

ಲಸಿಕಕ್ಕ ಎರಡು ಬೆರಳು ಎತ್ತಿದಳು.

ಲಸಿಕಕ್ಕ: ಹತ್ತಕ್ಕೆ ಎರಡು.

ನೀರಣ್ಣ: ಎರಡೇನಾ?

ಲಸಿಕಕ್ಕ: ಅದೂ ಜಾಸ್ತಿ. ಹೊಟ್ಟೇಲಿ ಇದನ್ನಿಟ್ಕೊಂಡು, ನನ್ನ ಕೈಲಿ ಮತ್ತೆ ಮತ್ತೆ ಹೇಳಿಸ್ದೆಯಲ್ಲೋ! ನಾನು ಬೆವರ್ತಾ ಇದ್ರೆ ದನಿ ನಡುಗಿಸಿದ್ದು ಚೆನ್ನಾಗಿತ್ತು ಅಂತೀಯಾ?

ನೀರಣ್ಣ: ನನ್ನ ಸರದಿ ಬರೋದೇ ಬೇಡ ಅಂತ ನಿನ್ನ ಕೈಲೇ ಹೇಳಿಸ್ತಾ ಕೂತೆ. ಏನ್ಮಾಡ್ಲಿ, ಭಯ ಆಯ್ತು.

ಲಸಿಕಕ್ಕ: ನನ್ನ ವಿಭಾಗ ಒಪ್ಕೊಂಡ್ಯಾ?

ನೀರಣ್ಣ: ಯೋಚನೆ ಮಾಡಿ ಹೇಳ್ತೀನಿ ಅಂದೆ. ನೀನು?

ಲಸಿಕಕ್ಕ: ನಾನೂ ಅಷ್ಟೇ.

ನೀರಣ್ಣ: ಅಷ್ಟೇ ಅಂತೆ! ಕೈಪಂಪಿನ ವಾಷರ್ ಹೋದಾಗ ಜಡೆಗೆ ಹಾಕೋ ರಬ್ಬರ್ ಬ್ಯಾಂಡ್ ಸುತ್ತಿದವಳು ನೀನು. ನೀನು ನನ್ನ ನೀರು ನೋಡ್ಕೋತೀಯಾ?

ಲಸಿಕಕ್ಕ: ನೀರು ಬಂತು ತಾನೇ?

ನೀರಣ್ಣ: ಬಂತು. ಪಕ್ಕದ ಗುಡಾರದ ಹಾಸಿಗೆ ಮೇಲೆ ಬಂತು.

ಲಸಿಕಕ್ಕ: ಲಸಿಕೆಯ ಐಸ್ ಪೆಟ್ಟಿಗೇಲಿ ಊಟದ ಡಬ್ಬಿ ಇಟ್ಟು ತಂಪು ಮಾಡ್ಕೊಂಡವನು ನೀನು. ನನ್ನ ಮಕ್ಕಳನ್ನ ನಿನ್ನ ಕೈಗೆ ಕೊಡ್ಲಾ? ಇರು, ದೊಡ್ಡ ಮೇಡಂ ಅವರನ್ನೇ ಕೇಳೋಣ.

ಅವಳು ಫೋನ್ ಮಾಡಿ ನಡುವಿನ ಮೇಜಿನ ಮೇಲಿಟ್ಟಳು. ದೊಡ್ಡ ಮೇಡಂ ಮೊದಲ ಕರೆಗೇ ಸಿಕ್ಕರು, ಅದೇ ಒಂದು ಅಪಶಕುನ.

ದೊಡ್ಡ ಮೇಡಂ: ಬೇಗ ಹೇಳಿ. ಕರುಣೆಯ ಬಗ್ಗೆ ನನ್ನ ಭಾಷಣ ಇದೆ, ವೇದಿಕೆ ಹತ್ತಬೇಕು.

ಲಸಿಕಕ್ಕ: ಮೇಡಂ, ನಮ್ಮಿಬ್ಬರಲ್ಲಿ ಉಳಿಯೋದು ಯಾರು?

ದೊಡ್ಡ ಮೇಡಂ: ಓ, ಇಬ್ಬರೂ ಮಾತಾಡ್ಕೊಂಡ್ರಾ? ಒಳ್ಳೇದಾಯ್ತು. ಕೆಟ್ಟ ಸುದ್ದಿ ಹೇಳೋಕೆ ನಂಗೆ ಮನಸ್ಸೇ ಬರಲ್ಲ. ನೀವೇ ಒಬ್ಬರಿಗೊಬ್ಬರು ಹೇಳ್ಕೊಂಡ್ರೆ ಮನೆಯವರು ಹೇಳಿದ ಹಾಗಿರುತ್ತೆ, ಅಲ್ವಾ?

ನೀರಣ್ಣ: ಅಂದ್ರೆ ಇಬ್ಬರೂ ಮನೆಗೆ ಹೋಗ್ಬೇಕಾ?

ದೊಡ್ಡ ಮೇಡಂ: ಛೇ, ಮನೆಗೆ ಹೋಗೋದು ಅನ್ಬೇಡಿ. ಹೊಸ ಪಯಣ ಅನ್ನಿ.

ಲಸಿಕಕ್ಕ: ಶಿಬಿರದ ನೀರು, ಲಸಿಕೆ?

ದೊಡ್ಡ ಮೇಡಂ: ಎರಡನ್ನೂ ಸೇರಿಸಿ ನಿಮ್ಮ ತರಬೇತುದಾರರಿಗೆ ಕೊಡೋದು ಅಂತ ಆಗಿದೆ. ನೀರು, ಲಸಿಕೆ ಎಲ್ಲಾ ಕಲಿತ್ಕೋಬಹುದು, ಅವರಿಗೆ ನಾಯಕತ್ವ ಗೊತ್ತಿದೆ. ಅವರ ಗುತ್ತಿಗೆ ಇವತ್ತಿಗೆ ಮುಗಿಯುತ್ತೆ, ಲಸಿಕಕ್ಕ. ಮುಂದುವರಿಸೋಕೆ ನಿನ್ನ ಸಹಿನೇ ಬೇಕು, ಇಲ್ಲದಿದ್ರೆ ಕಚೇರಿಯವರು ಒಪ್ಪಲ್ಲ. ಸಂಜೆಯೊಳಗೆ ಹಾಕಿ ಕಳಿಸಿಬಿಡಮ್ಮ. ಆಯ್ತು, ಚಪ್ಪಾಳೆ ಶುರುವಾಯ್ತು.

ಫೋನು ಕಟ್ ಆಯಿತು. ಕರುಣೆ ವೇದಿಕೆ ಹತ್ತಿತು. ನೀರಣ್ಣನ ಕಣ್ಣು ತುಂಬಿಕೊಂಡವು. ಅದರಲ್ಲಿ ನಟನೆ ಏನೂ ಇರಲಿಲ್ಲ.

ನೀರಣ್ಣ: ಹೊಸ ಶಿಬಿರದವರಿಗೆ ಬೇಸಿಗೆಯೊಳಗೆ ಪೈಪು ಎಳೆಸ್ತೀನಿ ಅಂತ ಮಾತು ಕೊಟ್ಟಿದ್ದೆ ಕಣೇ. ಕೊಡ ಹಿಡ್ಕೊಂಡು ನಿಂತವರಿಗೆ ಏನು ಹೇಳ್ಲಿ? ಹೊಸ ಪಯಣ ಹೊರಟೆ ಅನ್ಲಾ?

ಬಾಗಿಲು ತೆರೆದು ತರಬೇತುದಾರ ಒಳಬಂದ. ನೆಲದ ಮೇಲಿದ್ದ ಧೈರ್ಯ ಅವನ ಬೂಟಿನ ಅಡಿಗೆ ಅಂಟಿಕೊಂಡು ಜೊತೆಯಲ್ಲೇ ಬಂತು.

ತರಬೇತುದಾರ: ಆಹಾ! ಕಣ್ಣೀರು! ಉಳಿದ ಜೋಡಿಗಳೆಲ್ಲ ಹಲ್ಲು ಕಿರೀತಾ ಕೂತಿವೆ. ಚಹಾ ಆದ್ಮೇಲೆ ಇದನ್ನೇ ಎಲ್ಲರ ಮುಂದೆ ಮಾಡಿ ತೋರಿಸ್ತೀರಾ?

ಲಸಿಕಕ್ಕ: ತೋರಿಸ್ತೀವಿ, ಅದಕ್ಕೇನಂತೆ. ಆದ್ರೆ ನಂಗೆ ಇನ್ನೂ ಸ್ವಲ್ಪ ಅಭ್ಯಾಸ ಬೇಕು. ಆ ಕುರ್ಚೀಲಿ ನೀವು ಕೂತ್ಕೊಳ್ಳಿ.

ನೀರಣ್ಣ ಕಣ್ಣೊರೆಸಿಕೊಂಡು ಎದ್ದು ಜಾಗ ಬಿಟ್ಟ. ತರಬೇತುದಾರ ಕಾಲ ಮೇಲೆ ಕಾಲು ಹಾಕಿ ಕೂತ. ಲಸಿಕಕ್ಕ ತಲೆ ಎತ್ತಿ ಅವನ ಮುಖವನ್ನೇ ನೋಡಿದಳು.

ಲಸಿಕಕ್ಕ: ನಿಮ್ಮ ಗುತ್ತಿಗೆ ಇವತ್ತಿಗೆ ಮುಗೀತು. ಮುಂದುವರಿಸೋಕೆ ನಾನು ಸಹಿ ಹಾಕಲ್ಲ. ನಾಳೆಯಿಂದ ಬರ್ಬೇಡಿ.

ತರಬೇತುದಾರ: ಕಾರಣ?

ಲಸಿಕಕ್ಕ: ಇದೆ. ಹೇಳಲ್ಲ.

ತರಬೇತುದಾರ: ಭಲೇ! ಹಂಚಿಕೊಂಡಿದ್ದಕ್ಕೆ ಧನ್ಯವಾದ! (ಎರಡೂ ಕೈ ಎತ್ತಿ, ಹತ್ತೂ ಬೆರಳು ಬಿಡಿಸಿ) ಇಲ್ಲಿವರೆಗೆ ಯಾರಿಗೂ ಹತ್ತು ಕೊಟ್ಟವನಲ್ಲ ನಾನು. ಒಂದು ಕ್ಷಣ ನಾನೇ ನಂಬಿಬಿಟ್ಟೆ!

ನೀರಣ್ಣ: ಒಂದು ಕ್ಷಣ ಸಾಲ್ದು, ಸಾರ್. ಕೈ ಇಳಿಸ್ಬೇಡಿ, ಇನ್ನೊಂದು ಸಲ ಹೇಳ್ತಾಳೆ.