ಕೆಂಚನ ಪಥ್ಯ

"ಕೆಂಚನ ಔಸ್ದಿ ಖರ್ಚು ಪೂರಾ ನಂದು ಕಣಕ್ಕ. ನೀ ಒಂದು ಕಾಸೂ ಬಿಚ್ಚಕೂಡದು."

ಕುಂತೂರಿನ ಶಿವರುದ್ರಸ್ವಾಮಿ ಇದನ್ನು ಘೋಷಿಸಿದ್ದು ತನ್ನ ಮನೆ ಜಗಲಿಯ ಮೇಲೆ ನಿಂತು, ಬೀದಿಯ ಎರಡು ತುದಿಗೂ ಕೇಳುವಂತೆ. ಪಕ್ಕದ ಮನೆಯಲ್ಲಿದ್ದ ಅಕ್ಕ ದೊಡ್ಡಬಸಮ್ಮನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಕೆಂಚನೆಂಬ ನಾಯಿ. ಅದು ನಾಲ್ಕು ದಿನದಿಂದ ಅನ್ನ ಮುಟ್ಟದೆ ಮುದುರಿ ಮಲಗಿತ್ತು. ದಾನಶೂರನೆನಿಸಿಕೊಳ್ಳಲು ಇಷ್ಟು ಅಗ್ಗದ ದಾರಿ ಮತ್ತೆ ಸಿಗದೆಂದು ತಮ್ಮ ಎಣಿಸಿದ್ದ.

ಗಾಡಿ ಕಟ್ಟಿ ಕೊಳ್ಳೇಗಾಲದ ದನದ ಆಸ್ಪತ್ರೆಗೆ ಹೋದರು. ಇಂಜೆಕ್ಷನ್ನಿಗೇ ಮೂವತ್ತು ರೂಪಾಯಿ ಎಂದರು ಡಾಕ್ಟರು. ಶಿವರುದ್ರಸ್ವಾಮಿಯ ಮೀಸೆ ಇಳಿಯಿತು. ಅಕ್ಕ ನೋಡುತ್ತಿದ್ದಳು, ಮತ್ತೆ ಏರಿತು. ಕೊಟ್ಟ.

"ಇನ್ನು ದಿನಕ್ಕೆರಡು ಕೋಳಿಮೊಟ್ಟೆ ಹಾಲಿಗೆ ಕಲಸಿ ಹಾಕಿ. ಇಲ್ಲದಿದ್ರೆ ಇದು ಏಳೋದಿಲ್ಲ."

ಲಿಂಗಪೂಜೆಯಾಗದೆ ಹನಿ ನೀರು ಕುಡಿಯದ ಮನೆತನ. ಹೋದ ವರ್ಷ ಜಗಲಿಯ ಮೇಲೆ ಕೂತು 'ಮೊಟ್ಟೆ' ಎಂದ ಆಳನ್ನು ಕೆಳಗಿಳಿಸಿ ಬಾಯಿ ಮುಕ್ಕಳಿಸುವಂತೆ ಮಾಡಿದ್ದ ಮಹಾನುಭಾವ ಇವನೇ.

"ಪೂರಾ ನಂದು ಅಂದ್ಯಲ್ಲಪ್ಪ," ಎಂದು ಅಕ್ಕ ಕಣ್ಣೊರೆಸಿಕೊಂಡಳು.

ಊರಲ್ಲಿ ಕೊಂಡರೆ ಮಾನ ಉಳಿಯದೆಂದು ಮರುದಿನ ದೂರದ ಹನೂರಿಗೆ ಹೋದ. ಹತ್ತು ಮೊಟ್ಟೆಗಳನ್ನು ಹುಲ್ಲಿನಲ್ಲಿ ಸುತ್ತಿ, ಚೀಲಕ್ಕಿಟ್ಟು, ಮೇಲೆ ಬಾಳೆಹಣ್ಣು ಹರಡಿ, ಹಣೆಗೆ ಇನ್ನೊಂದು ಗೆರೆ ವಿಭೂತಿ ಎಳೆದುಕೊಂಡು ಬಸ್ಸು ಹತ್ತಿದ. ಪಕ್ಕದ ಸೀಟಿನಲ್ಲಿ ತಮ್ಮೂರಿನ ಎಣ್ಣೆ ಅಂಗಡಿಯ ಪುಟ್ಟಸಿದ್ದಯ್ಯ. ಅವನ ಕಣ್ಣು ವಿಭೂತಿಯಿಂದ ಬಾಳೆಹಣ್ಣಿಗೆ ಇಳಿಯಿತು.

"ಬೆಟ್ಟಕ್ಕೋಗಿದ್ರಾ ಅಣ್ಣ? ಮಾದಪ್ಪನ ಪರಸಾದ ವಸಿ ಕೊಡಿ."

"ಊರಿಗೋಗಿ ಕೊಡ್ತೀನಿ ಬುಡಪ್ಪ."

"ಪರಸಾದ ನಾಳೀಕೆ ಅನ್ಬಾರ್ದು ಕಣಣ್ಣ," ಎಂದು ಪುಟ್ಟಸಿದ್ದಯ್ಯ ಭಕ್ತಿಯಿಂದ ಚೀಲಕ್ಕೆ ಕೈಯಿಟ್ಟ. ಅದೇ ಹೊತ್ತಿಗೆ ಬಸ್ಸು ಹಳ್ಳಕ್ಕೆ ಇಳಿಯಿತು. ಕೈ ಹೊರಬಂದಾಗ ಮೊಣಕೈವರೆಗೂ ಹಳದಿ ಲೋಳೆ. ಅವನು ಅದನ್ನು ಮೂಸಿದ, ಶಿವರುದ್ರಸ್ವಾಮಿಯ ನಾಲ್ಕು ಗೆರೆ ವಿಭೂತಿಯನ್ನು ನೋಡಿದ, ಮೂಸಿದ. ಸುದ್ದಿಯನ್ನು ಊರಿಗಾಗಿ ಉಳಿಸಿಕೊಂಡ.

ಒಡೆಯದೆ ಉಳಿದದ್ದು ಎರಡೇ. ದಾನಶೂರ ಉಸಿರು ಬಿಗಿಹಿಡಿದು ತಾನೇ ಹಾಲಿಗೆ ಕಲಸಿ, ತನ್ನ ಜಗಲಿಗೇ ತಂದು ಮಲಗಿಸಿದ್ದ ಕೆಂಚನ ಮುಂದಿಟ್ಟ. ಅಷ್ಟರಲ್ಲಿ ಅರ್ಧ ಬೀದಿ ಅಲ್ಲಿ ಸೇರಿತ್ತು.

ಕೆಂಚ ಮೂಸಿತು. ಮುಖ ತಿರುಗಿಸಿತು. ಇಂಜೆಕ್ಷನ್ನು ಹಿಡಿದಿತ್ತೇನೋ, ನಿಧಾನವಾಗಿ ಎದ್ದು, ತೂರಾಡುತ್ತ ಹೋಗಿ ದೊಡ್ಡಬಸಮ್ಮನ ಕೈಯಲ್ಲಿದ್ದ ರಾಗಿ ಅಂಬಲಿಗೆ ಬಾಯಿ ಹಾಕಿತು.

"ನನ್ನ ಕೈತುತ್ತು ತಿಂದು ಬೆಳೆದೋನು," ಎಂದಳು ಅಕ್ಕ, ಕಣ್ತುಂಬಿಕೊಂಡು. "ಮನೆ ನೇಮ ಇವನಾರ ಉಳಿಸ್ದ."

ಹೆಂಡತಿ ಶಿವರತ್ನಮ್ಮ ಒಳಗಿನಿಂದ ಚೊಂಬು ತುಂಬ ನೀರು ತಂದು ಗಂಡನ ಮುಂದಿಟ್ಟಳು.

"ಕೆಳಗಿಳೀರಿ. ಬಾಯಿ ಮುಕ್ಕಳಿಸ್ಕಂಡು ಆಮೇಲೆ ಒಳಕ್ಕೆ ಬನ್ನಿ."