ಬದರಿ ಗಿಡಕ್ಕೆ ಬರ್ಫ

ಬಾಜೂ ಮನೆಯ ಕುಕ್ಕರ್ ಸೀಟಿ ಹೊಡೆದಾಗಲೆಲ್ಲ ಸಾಯಬಣ್ಣನಿಗೆ ಅದು ತನ್ನನ್ನೇ ಕರೆದು ಅಣಕಿಸಿದಂತೆ ಕೇಳುತ್ತಿತ್ತು. ಬೇಳೆ ಬೇಯುತ್ತಿದ್ದದ್ದು ಚಂದ್ರಾಮಪ್ಪನ ಮನೆಯಲ್ಲಿ, ಕುದಿಯುತ್ತಿದ್ದದ್ದು ಮಾತ್ರ ಗೋಡೆಯ ಈಚೆ ಇವನ ಹೊಟ್ಟೆ.

ಕೊಂಡು ತಂದ ಕುಕ್ಕರಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಅದು ಬಹುಮಾನವಾಗಿ ಬಂದದ್ದು. ಮಳಖೇಡದ ಹತ್ತಿರದ ಆ ಸಿಮೆಂಟ್ ಕಾಲನಿಯಲ್ಲಿ ಎಲ್ಲಿ ಅಗೆದರೂ ಕಲ್ಲೇ ಸಿಗುತ್ತಿದ್ದುದರಿಂದ, ಸಾಹೇಬರ ಹೆಂಡತಿ ವರ್ಷಕ್ಕೊಮ್ಮೆ ಕಲ್ಲುತೋಟದ ಸ್ಪರ್ಧೆ ಇಡುತ್ತಿದ್ದರು. ಶಹಾಬಾದಿ ಫರಸಿಕಲ್ಲಿನ ಚೂರುಗಳನ್ನು ಪೇರಿಸಿ, ಅವುಗಳ ಸಂದಿಯಲ್ಲಿ ಗಿಡ ಬೆಳೆಸಬೇಕು. ಹೋದ ವರ್ಷ ಎಲ್ಲರೂ ಕತ್ತಾಳೆ, ಪಾಪಾಸುಕಳ್ಳಿ ನೆಟ್ಟರೆ, ಗಣಿಯ ಮೇಸ್ತ್ರಿ ಚಂದ್ರಾಮಪ್ಪ ಬದರಿ ಯಾತ್ರೆಗೆ ಹೋಗಿ ಅಲ್ಲಿಯ ಹಿಮದ ಗುಡ್ಡದ ಗಿಡವನ್ನೇ ತಂದು ನೆಟ್ಟ. ಕಾಗೆಗಳೂ ನೆರಳು ಹುಡುಕುವ ಸೇಡಂ ಸೀಮೆಯ ಬಿಸಿಲಿನಲ್ಲಿ ಆ ಗಿಡ ದಟ್ಟವಾಗಿ ಹಬ್ಬಿ, ನೇರಳೆ ಬಣ್ಣದ ಹೂ ಬಿಟ್ಟಿತು. ಕಾಲನಿಯ ಹೆಂಗಸರು ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಕೈಮುಗಿಯತೊಡಗಿದರು. ಅವರಲ್ಲಿ ಮೊದಲಿಗಳು ಸಾಯಬಣ್ಣನ ಹೆಂಡತಿ ಮಹಾದೇವಮ್ಮನೇ.

ಈ ವರ್ಷದ ಬಹುಮಾನ ಟೇಬಲ್ ಫ್ಯಾನು. ಇವತ್ತು ಸಂಜೆಯೇ ಸ್ಪರ್ಧೆ.

“ಆ ಫ್ಯಾನೂ ಬಾಜೂ ಮನಿಗೇ ಹೋತಂದ್ರ,” ಬೆಳಿಗ್ಗೆ ಚಹಾದ ಬಟ್ಟಲು ಕುಕ್ಕುತ್ತ ಮಹಾದೇವಮ್ಮ ಹೇಳಿದ್ದಳು, “ಬ್ಯಾಸಗಿ ಮುಗಿಯೋತನಾ ನಾ ಅಮೃತಮ್ಮನ ಮನ್ಯಾಗೇ ಮಲಕೋತೀನಿ. ನೀವು ನಿಮ್ಮ ಗುಂಡಿ ಗಿಡ ಬಾಜೂ ಇಟ್ಕೊಂಡು ಮಲಕೋರಿ.”

ಅಮೃತಮ್ಮ ಚಂದ್ರಾಮಪ್ಪನ ಹೆಂಡತಿ; ಗುಂಡಿ ಗಿಡ ಅಂದರೆ ಸಾಯಬಣ್ಣನ ಗಿಡ. ಫೌಜಿನಲ್ಲಿದ್ದ ಅವಳ ತಮ್ಮ ಪೀರಪ್ಪ ಕಾಶ್ಮೀರದ ಎತ್ತರದ ಗುಡ್ಡದಿಂದ ಕಿತ್ತು ಹಾಲಿನ ಪುಡಿಯ ಡಬ್ಬಿಯಲ್ಲಿ ಕಳಿಸಿದ್ದ. ಸಾಯಬಣ್ಣ ಅದನ್ನು ಕೂಸಿನಂತೆ ಸಾಕಿದ. ಬಿಸಿಲು ಬೀಳದ ಉತ್ತರದ ಸಂದಿಯಲ್ಲಿ ನೆಟ್ಟು, ಬುಡಕ್ಕೆ ನೀರು ನಿಲ್ಲದಂತೆ ಕಂಕರ್ ಕಲ್ಲು ಹಾಕಿ, ಗೊಬ್ಬರ ಮುಟ್ಟಿಸದೆ, ದಿನಾ ಮಧ್ಯಾಹ್ನ ಲಾಲ್ ಅಹ್ಮದನ ಸೋಡಾ ಅಂಗಡಿಯಿಂದ ಬರ್ಫ ಎನ್ನುವ ಮಂಜುಗಡ್ಡೆ ತರಿಸಿ ಸುತ್ತ ಇಟ್ಟ. ಇಷ್ಟೆಲ್ಲ ಮಾಡಿದರೂ ಅಂಗಿಯ ಗುಂಡಿಯಷ್ಟಿದ್ದ ಆ ಬೂದು ಗಿಡ ಕೋಟಿನ ಗುಂಡಿಯಷ್ಟಾಯಿತು, ಅಷ್ಟೇ. ಹೂವಿನ ಸುದ್ದಿಯೇ ಇಲ್ಲ. ಹೊರಗಿನವರಿಗೆ ತೋರಿಸಲು ನಾಚಿ ಅದನ್ನು ಸದಾ ಮುಚ್ಚಿಯೇ ಇಡುತ್ತಿದ್ದ.

ಡ್ಯೂಟಿಗೆ ಹೊರಟ ಚಂದ್ರಾಮಪ್ಪ ಕಂಪೌಂಡಿನ ಮೇಲಿಂದ ಕತ್ತು ಚಾಚಿದ. “ಸಾಯಬಣ್ಣ, ಈ ಸರ್ತಿ ಗುಲಬರ್ಗಾದಿಂದ ಗಿಡಗಂಟಿ ಓದಿಸೋ ಕಾಲೇಜ್ ಮಾಸ್ತರು ಬರ್ಲಿಕತ್ತಾರಂತ. ಫ್ಯಾನು ನಿನಗೇ ಬರ್ಲಿ ಮಾರಾಯ. ಖರೇನೇ ಹೇಳ್ತೀನಿ.”

ಗೆದ್ದವನ ಈ ದೊಡ್ಡತನ ಸಾಯಬಣ್ಣನಿಗೆ ಉರಿಯುವ ಕಡೆಗೇ ಉಪ್ಪು ಸವರಿದಂತಾಯಿತು. ಅವನು ಜ್ವರವೆಂದು ಸುಳ್ಳು ಹೇಳಿ ಪ್ಯಾಕಿಂಗ್ ಆಫೀಸಿನಿಂದ ಮಧ್ಯಾಹ್ನವೇ ಮನೆಗೆ ಬಂದ.

ಕಾರ್ಖಾನೆಯ ಧೂಳು ಕೂರದಿರಲೆಂದು ತೀರ್ಪುಗಾರರು ಬರುವ ತನಕ ಎಲ್ಲರೂ ಕಲ್ಲುತೋಟಕ್ಕೆ ಹಸಿ ಗೋಣಿತಟ್ಟು ಹೊದಿಸುವುದು ಕಾಲನಿಯ ರೂಢಿ. ಆ ತಟ್ಟೇ ಸಾಯಬಣ್ಣನ ತಲೆಗೆ ಈ ಹಲ್ಕಾ ಉಪಾಯ ಹೊಳೆಯಿಸಿತ್ತು. ಅಮೃತಮ್ಮ ಮಹಾದೇವಮ್ಮನನ್ನೂ ಕರೆದುಕೊಂಡು ಹಿಟ್ಟಿನ ಗಿರಣಿಗೆ ಹೋದದ್ದೇ ತಡ, ಅವನು ಕಂಪೌಂಡ್ ಹಾರಿದ. ಬದರಿ ಗಿಡವನ್ನು ಬೇರುಸಹಿತ ಎತ್ತಿ, ಕುಂಕುಮ ತೊಳೆದು ತನ್ನ ಕಲ್ಲುಗಳ ನಡುವೆ ಕೂರಿಸಿದ. ತನ್ನ ಗುಂಡಿ ಗಿಡವನ್ನು ತಂದು ಚಂದ್ರಾಮಪ್ಪನ ಸಂದಿಗೆ ತುರುಕಿದ. ತಟ್ಟು ಎಳೆಯುತ್ತಿದ್ದಾಗ ಹಿಂದಿನಿಂದ ದನಿ ಬಂತು.

“ಸಾಯಬಣ್ಣೋರ, ಅಲ್ಲೇನ್ ಮಾಡಾಕತ್ತೀರಿ?”

ಎದುರು ಮನೆಯ ಹಣಮಮ್ಮ. ಅವಳ ಕಣ್ಣಿಗೆ ಬಿದ್ದದ್ದು ಸಂಜೆಯೊಳಗೆ ದೂರದ ಆಡಕಿ ಊರಿಗೂ ಮುಟ್ಟುತ್ತಿತ್ತು.

“ಹರಕಿ... ಹರಕಿ ಹೊತ್ತೀನ್ರಿ ಬದರಿ ಗಿಡಕ್ಕ,” ಅಂದ ಸಾಯಬಣ್ಣ, ಮಣ್ಣಿನ ಕೈಯನ್ನೇ ಮುಗಿಯುತ್ತ.

“ಚಪ್ಪಲ್ ಮೆಟ್ಟಿ ಎಂಥ ಹರಕಿರಿ? ತೆಗೀರಿ ಮೊದ್ಲ! ಕುಂಕುಮ ತರ್ತೀನಿ, ಅಲ್ಲೀತನಾ ಸುತ್ತು ಹಾಕ್ರಿ.”

ಶಿವರಾತ್ರಿ ಕಳೆದ ಬಿಸಿಲು. ಕಾದ ಫರಸಿಯ ಮೇಲೆ ಬರಿಗಾಲಲ್ಲಿ ಸಾಯಬಣ್ಣ ಕುಣಿಯುತ್ತ ಸುತ್ತಿದ. ಅವನ ಭಕ್ತಿ ನೋಡಿ ಹಣಮಮ್ಮ ಇನ್ನಿಬ್ಬರನ್ನು ಕರೆತಂದಳು. ತಟ್ಟಿನ ಕೆಳಗೆ ಕೈ ತೂರಿಸಿ ಕುಂಕುಮ ಹಚ್ಚಿದವಳು ಹುಬ್ಬು ಗಂಟಿಕ್ಕಿದಳು.

“ಯಾಕ್ರಿ, ಗಿಡ ಭಾಳ ಸಣ್ಣಾಗ್ಯದಲ್ಲ?”

“ಬಿಸಿಲಿಗೆ ಮುದುಡ್ಯದ್ರಿ! ತಟ್ಟು ತೆಗೀಬ್ಯಾಡ್ರಿ, ಬೆಂಕಿ ಧಗಿ ಅದ!” ಎಂದು ಬೊಬ್ಬೆ ಹೊಡೆದು ಅವನು ಅವರನ್ನೆಲ್ಲ ಸಾಗಹಾಕಿದ. ಮನೆಗೆ ಬಂದರೆ ಲಾಲ್ ಅಹ್ಮದ್ ಬರ್ಫ ಹಿಡಿದು ನಿಂತಿದ್ದ. ಹಿಮದ ಗಿಡವಲ್ಲವೇ, ಯಾವುದಾದರೇನು ಎಂದು ಸಾಯಬಣ್ಣ ಇಡೀ ಗಡ್ಡೆಯನ್ನು ಬದರಿ ಗಿಡದ ಸುತ್ತ ಪೇರಿಸಿದ. ಆಗಲೇ ಮುಖಕ್ಕೆ ಫ್ಯಾನಿನ ಗಾಳಿ ಬಡಿದಂತಾಯಿತು.

ಸಂಜೆ ಸಾಹೇಬರ ಹೆಂಡತಿ, ಮಾಸ್ತರು, ಹಿಂದೆ ಅರ್ಧ ಕಾಲನಿ ಬಂತು. ಮೊದಲು ಸಾಯಬಣ್ಣನ ಸರದಿ. ಅವನು ಗತ್ತಿನಿಂದ ತಟ್ಟು ಎತ್ತಿದ. ನೇರಳೆ ಹೂಗಳ ಸುತ್ತ ಬರ್ಫ ಕರಗಿ ಹರಿಯುತ್ತಿತ್ತು.

“ನಮ್ಮ ಪೀರಪ್ಪ ಕಳಿಸಿದ್ದು ಇಷ್ಟು ದೊಡ್ಡದಾತೇನ್ರಿ!” ಎಂದು ಮಹಾದೇವಮ್ಮ ಬಾಯಿ ತೆರೆದಳು. ಮದುವೆಯಾದಮೇಲೆ ಅವಳು ಅವನನ್ನು ಹಾಗೆ ಮೆಚ್ಚಿ ನೋಡಿದ್ದು ಅದೇ ಮೊದಲು.

“ಇದಕ್ಕ ಬರ್ಫ ಯಾರಿಟ್ರು?” ಮಾಸ್ತರು ಕೇಳಿದರು.

“ನಾನೇ ಸರ್. ಕಾಶ್ಮೀರದ ಗಿಡ ಸರ್.”

ಮಾಸ್ತರು ಚಷ್ಮಾ ಜಾರುವಷ್ಟು ನಕ್ಕರು. “ಇದು ಮಳಖೇಡದ ಹಳೇ ಕೋಟಿ ಗ್ವಾಡಿ ಸಂದ್ಯಾಗ ಬೆಳಿಯೋ ಕಾಡುಗಿಡರಿ. ನಾ ಬರೋ ಮುಂದ ಆಡು ಇದನ್ನೇ ಮೇಯ್ಲಿಕತ್ತಿದ್ವು. ಬಿಸಿಲೇ ಇದರ ಊಟ. ನೀವು ಇದಕ್ಕ ಬರ್ಫ ಹಾಕಿ ಕೊಲ್ಲಾಕತ್ತೀರಿ!”

ಕಾಲನಿಯೂ ನಕ್ಕಿತು. ಸಾಯಬಣ್ಣನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಬಾಜೂ ಮನೆಯ ಕಲ್ಲುತೋಟದ ತಟ್ಟು ಎದ್ದಿತು.

“ಅಯ್ಯಯ್ಯೋ, ನಮ್ಮ ಗಿಡ ಹೋತು!” ಎಂದು ಅಮೃತಮ್ಮ ಎದೆ ಬಡಿದುಕೊಂಡಳು.

“ಸುಮ್ಕಿರ್ರಿ!” ಮಾಸ್ತರು ಬಿಳಿ ಪ್ಯಾಂಟಿನಲ್ಲೇ ಮೊಣಕಾಲೂರಿದರು. ಜೇಬಿನ ಭೂತಗನ್ನಡಿ ಹಿಡಿದು ನೋಡಿದರು. ಅವರ ದನಿ ನಡುಗಿತು. “ಹಿಮಾಲಯದ ತುದ್ಯಾಗ ಇರೋ ಗಿಡ ಇದು. ಇಲ್ಲಿ ನಟ್ಟನಡುವ ನೋಡ್ರಿ, ಮೊಗ್ಗು! ಸೇಡಂ ಬಿಸಿಲಾಗ ಇದನ್ನ ಜೀವಂತ ಇಟ್ಟವರ ಕೈ ಮುಟ್ಟಿ ನಮಸ್ಕಾರ ಮಾಡಬೇಕು.”

ಸಾಯಬಣ್ಣನ ಎರಡೂ ಕೈ ತಾವಾಗಿ ಮುಂದೆ ಬಂದವು. “ಸರ್, ಅದು... ಅದನ್ನ ನಾನು...”

ಎಲ್ಲರೂ ಅವನತ್ತ ತಿರುಗಿದರು. ತಾನೇ ಬೆಳೆಸಿದ್ದು ಅಂದರೆ ಅದು ಆಚೆ ಹೋದದ್ದು ಹೇಗೆಂದು ಹೇಳಬೇಕಾಗುತ್ತಿತ್ತು. ಹಣಮಮ್ಮನೇ ಮಾತು ಮುಗಿಸಿದಳು.

“ಹೌದ್ರಿ, ಇವರೇ ಮಧ್ಯಾಹ್ನ ಅದಕ್ಕ ಹರಕಿ ಹೊತ್ತಿದ್ರು! ಬರಿಗಾಲಿಲೆ ಸುತ್ತಿದ ಕೂಡ್ಲೆ ಮೊಗ್ಗು ಬಂತು ನೋಡ್ರಿ!”

ಫ್ಯಾನು ಚಂದ್ರಾಮಪ್ಪನ ಮನೆ ಸೇರಿತು.

ಗಣಿಯಿಂದ ಬಂದ ಚಂದ್ರಾಮಪ್ಪ ಮುಖ ತೊಳೆಯದೆ ಸೀದಾ ಸಾಯಬಣ್ಣನ ಅಂಗಳಕ್ಕೆ ಬಂದ. ಕರಗಿದ ಬರ್ಫದ ರಾಡಿಯಲ್ಲಿ ನಿಂತ ನೇರಳೆ ಹೂಗಳನ್ನು ನೋಡಿದ. ಒಂದು ಎಲೆಯ ಕೆಳಗೆ ಕುಂಕುಮ ಉಳಿದಿತ್ತು.

“ಖರೇ ಬದರಿ ಗಿಡ ವಾಡಿ ಸ್ಟೇಷನ್ ಮುಟ್ಟೋದ್ರಾಗೇ ಸತ್ತಿತ್ತು,” ಅಂದ ಮೆಲ್ಲಗೆ. “ಮಂದಿಗೆ ಹ್ಯಾಂಗ ಮಾರಿ ತೋರಿಸ್ಲಿ ಅಂತ ಕೋಟಿ ಗ್ವಾಡಿದು ಕಿತ್ಕೊಂಡು ಬಂದೆ. ಇವತ್ತು ಮಾಸ್ತರ ಮುಂದ ಮರ್ಯಾದಿ ಹೋಗ್ತದಂತ ಗಣಿಯಾಗೇ ಅಡಗಿ ಕುಂತಿದ್ದೆ. ನೀ ಉಳಿಸಿದಿ.”

ಸಾಯಬಣ್ಣ ಹಲ್ಲು ಕಚ್ಚಿದ. “ಹಂಗಾರ ಫ್ಯಾನು ನನಗ ಕೊಡು.”

“ಈಗೇ ಕೊಡ್ತೀನಿ. ಯಾಕ ಕೊಟ್ಟಿ ಅಂತ ಹಣಮಮ್ಮ ಕೇಳಿದ್ರ ಏನ್ ಹೇಳ್ಲಿ, ಅದೊಂದು ನೀನೇ ಹೇಳಿಬಿಡು.”

ಚಂದ್ರಾಮಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. “ಹೂ ಅರಳೋದು ನೋಡ್ಲಿಕ್ಕ ಮಾಸ್ತರು ಮತ್ತ ಬರ್ತಾರಂತ. ಅದನ್ನ ಸಾಕೋದು ನನಗ ಗೊತ್ತಿಲ್ಲಪ. ಸತ್ರ ಇಬ್ಬರ ಸುಳ್ಳೂ ಬಯಲಾಗ್ತದ.”

ಒಳಗಿನಿಂದ ಮಹಾದೇವಮ್ಮ ದಿಂಬು ಬಗಲಲ್ಲಿಟ್ಟುಕೊಂಡು ಬಂದು, ಇಬ್ಬರ ನಡುವೆಯೇ ಹಾದು ಅಮೃತಮ್ಮನ ಮನೆಗೆ ನಡೆದಳು.

ಅಂದಿನಿಂದ ದಿನಾ ಮಧ್ಯಾಹ್ನ ಸಾಯಬಣ್ಣ ತನ್ನ ಖರ್ಚಿನ ಬರ್ಫ ಹೊತ್ತು, ಕಂಪೌಂಡ್ ದಾಟಿ, ಚಪ್ಪಲಿ ಕಳಚಿಟ್ಟು, ಚಂದ್ರಾಮಪ್ಪನ ಗಿಡದ ಮುಂದೆ ಕೂರುತ್ತಾನೆ. ಎಂಥ ನಿಷ್ಠೆಯೆಂದು ಕಾಲನಿಯ ಹೆಂಗಸರು ಮೆಚ್ಚುತ್ತಾರೆ. ಕಿಟಕಿಯೊಳಗೆ ಫ್ಯಾನು ತಿರುಗುತ್ತಿರುತ್ತದೆ, ಅದರ ಮುಂದೆ ಮಹಾದೇವಮ್ಮ ಹಾಯಾಗಿ ಗೊರಕೆ ಹೊಡೆಯುತ್ತಿರುತ್ತಾಳೆ.